ಗ್ರಂಥಾಲಯದ ಪುಸ್ತಕಗಳ ವಿಷಯವಾರು ವರ್ಗೀಕರಣ: ವಿದ್ಯಾರ್ಥಿಗಳಿಗೆ ತಿಳಿಸಿಕೊಡುವ ಬಗೆ

(ಗ್ರಂಥಾಲಯ ಸದಸ್ಯತ್ವ ಪಡೆಯಲಿಚ್ಛಿಸುವ ವಿದ್ಯಾರ್ಥಿಗಳು, ಪೋಷಕರು ಹಾಗೂ ಶಿಕ್ಷಕರ ಮಾಹಿತಿಗಾಗಿ)

ಉತ್ತರ ಕನ್ನಡ ಜಿಲ್ಲೆಯ ದೊಡ್ಮನೆ ಮತ್ತು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಇತರ ಊರುಗಳಲ್ಲಿ ಮನೆಗಳು ಅಡಿಕೆ ತೋಟಗಳ ಕಣಿವೆಗಳಲ್ಲಿ ಚದುರಿಕೊಂಡಿರುತ್ತವೆ. ಗ್ರಂಥಾಲಯಕ್ಕೆ ಬರುವ ವಿದ್ಯಾರ್ಥಿಯು ಗುಡ್ಡ ಹತ್ತಿ ಇಳಿದು ಬಂದಿರುತ್ತಾನೆ. ಗ್ರಾಮದ ಗ್ರಂಥಾಲಯದಲ್ಲಿ ಹಲವು ಪುಸ್ತಕಗಳ ಒಂದೊಂದೇ ಪ್ರತಿ ಇರುವುದರಿಂದ, ಆ ಪ್ರತಿಯು ತನ್ನ ಸ್ಥಾನದಲ್ಲಿಲ್ಲದಿದ್ದರೆ ಅಥವಾ ಅದರ ಸ್ಥಾನ ಯಾವುದೆಂದು ತಿಳಿಯದಿದ್ದರೆ ಆತನು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಈ ತೊಂದರೆಯನ್ನು ತಪ್ಪಿಸುವ ಉದ್ದೇಶದಿಂದ ಪುಸ್ತಕಗಳ ವರ್ಗೀಕರಣದ ಬಗ್ಗೆ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ವರ್ಗೀಕರಣ ಎಂದರೇನು?

ಪುಸ್ತಕಗಳನ್ನು ಅವುಗಳ ವಿಷಯಕ್ಕನುಗುಣವಾಗಿ ವಿಂಗಡಿಸಿ, ಪ್ರತಿ ವಿಷಯಕ್ಕೂ ಒಂದು ಸಂಖ್ಯೆಯನ್ನು ನೀಡಿ, ಆ ಸಂಖ್ಯೆಯ ಕ್ರಮದಲ್ಲಿಯೇ ಕಪಾಟಿನಲ್ಲಿ ಜೋಡಿಸುವುದನ್ನು ವರ್ಗೀಕರಣವೆನ್ನಲಾಗುತ್ತದೆ. ಭಾರತದ ಗ್ರಂಥಾಲಯಗಳಲ್ಲಿ ಎರಡು ಪದ್ಧತಿಗಳು ಹೆಚ್ಚು ಪರಿಚಿತವಾಗಿವೆ. ಅಮೆರಿಕದ ಮೆಲ್ವಿಲ್ ಡ್ಯೂಯಿ ಅವರು 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ ಪದ್ಧತಿಯು ಮೊದಲನೆಯದು. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಡಾ. ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವು ಎರಡನೆಯದು. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1931ರಲ್ಲಿ ಅವರು ನಿರೂಪಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆಂಬುದಾಗಿದೆ.

ತಮ್ಮ ಗ್ರಂಥಾಲಯದಲ್ಲಿ ಯಾವ ಪದ್ಧತಿ ಇದೆ ಎಂಬುದನ್ನು ಪುಸ್ತಕದ ಬೆನ್ನಿನ ಚೀಟಿಯಿಂದಲೇ ಗುರುತಿಸಬಹುದಾಗಿದೆ. ಚೀಟಿಯು ಮೂರು ಅಂಕಿಗಳಿಂದ ಆರಂಭವಾಗಿದ್ದರೆ ಸಾಮಾನ್ಯವಾಗಿ ಅದು ಡ್ಯೂಯಿ ಪದ್ಧತಿ. ರೋಮನ್ ಲಿಪಿಯ ದೊಡ್ಡ ಅಕ್ಷರದಿಂದ ಆರಂಭವಾಗಿದ್ದರೆ ಕೋಲನ್ ಪದ್ಧತಿ. ಈ ಪುಟದಲ್ಲಿ ಡ್ಯೂಯಿ ಪದ್ಧತಿಯನ್ನು ಮಾತ್ರ ವಿವರಿಸಲಾಗಿದೆ.

ಹತ್ತು ಮುಖ್ಯ ವರ್ಗಗಳು

ಡ್ಯೂಯಿ ಪದ್ಧತಿಯಲ್ಲಿ ಸಮಸ್ತ ಜ್ಞಾನವನ್ನು ಹತ್ತು ವರ್ಗಗಳಾಗಿ ವಿಭಜಿಸಲಾಗಿದೆ. 000 ಸಾಮಾನ್ಯ ಕೃತಿಗಳು, ವಿಶ್ವಕೋಶ ಹಾಗೂ ಗಣಕಯಂತ್ರ, 100 ತತ್ತ್ವಶಾಸ್ತ್ರ ಮತ್ತು ಮನಶ್ಶಾಸ್ತ್ರ, 200 ಧರ್ಮ, 300 ಸಮಾಜ ವಿಜ್ಞಾನ, 400 ಭಾಷೆ, 500 ವಿಜ್ಞಾನ, 600 ಕೃಷಿ, ವೈದ್ಯಕೀಯ ಮುಂತಾದ ಅನ್ವಯಿಕ ವಿಷಯಗಳು, 700 ಕಲೆ ಮತ್ತು ಕ್ರೀಡೆ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಇವುಗಳನ್ನು ವಿದ್ಯಾರ್ಥಿಗಳಿಂದ ಕಂಠಪಾಠ ಮಾಡಿಸುವ ಅಗತ್ಯವಿಲ್ಲ. ಕಪಾಟಿನ ಮುಂದೆ ನಾಲ್ಕು ದಿನ ಓಡಾಡಿದ ವಿದ್ಯಾರ್ಥಿಗೆ ಇವು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

ವಿದ್ಯಾರ್ಥಿಗಳಿಗೆ ಮನವರಿಕೆ ಮಾಡಿಕೊಡಬೇಕಾದುದು ಬೇರೊಂದಿದೆ. ಪುಸ್ತಕದ ಸ್ಥಾನವನ್ನು ನಿರ್ಧರಿಸುವುದು ಅದರಲ್ಲಿ ಬರುವ ವಸ್ತುವಿನ ಹೆಸರಲ್ಲ. ಆ ವಸ್ತುವನ್ನು ಯಾವ ಶಾಸ್ತ್ರದ ದೃಷ್ಟಿಯಿಂದ ನೋಡಲಾಗಿದೆ ಎಂಬುದು. ಈ ಭಾಗದ ಮಕ್ಕಳಿಗೆ ಚಿರಪರಿಚಿತವಾದ ಅಪ್ಪೆಮಿಡಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಾವು ಎಂತಹ ಸಸ್ಯವೆಂದು ವಿವರಿಸುವ ಪುಸ್ತಕವು ಸಸ್ಯಶಾಸ್ತ್ರದ 580ರಲ್ಲಿರುತ್ತದೆ. ಗಿಡಕ್ಕೆ ಕಸಿ ಕಟ್ಟಿ ಬೆಳೆಸುವ ವಿಧಾನವು ಹಣ್ಣಿನ ಬೆಳೆಗಳ 634ರಲ್ಲಿರುತ್ತದೆ. ಮಿಡಿಯನ್ನು ಉಪ್ಪಿನಕಾಯಿ ಹಾಕಿ ಕೆಡದಂತೆ ಇಡುವ ಕ್ರಮವು ಆಹಾರ ಸಂರಕ್ಷಣೆಯ 641.4ರಲ್ಲಿರುತ್ತದೆ. ಮರ ಒಂದೇ ಆದರೂ ಕಪಾಟುಗಳು ಮೂರು. ಜೇನು ಸಾಕಣೆಗೆ 638.1, ಕಾಳುಮೆಣಸಿಗೆ 633.84, ಹಕ್ಕಿಗಳಿಗೆ 598, ಜಾನಪದ ಕಥೆಗಳಿಗೆ 398.2, ಕರ್ನಾಟಕದ ಇತಿಹಾಸಕ್ಕೆ 954.87 ಸಂಖ್ಯೆಗಳಿವೆ. (ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳ ಗಮನಕ್ಕೆ: ಬ್ಯಾಂಕಿಂಗ್ 332ರಲ್ಲಿಯೂ ಲೆಕ್ಕಶಾಸ್ತ್ರ 657ರಲ್ಲಿಯೂ ಇರುತ್ತದೆ. ಈ ಮಾಹಿತಿಯನ್ನು ಸಿದ್ಧಪಡಿಸಿದವರು ಪದವಿ ತರಗತಿಯಲ್ಲಿದ್ದಾಗ ಇವೆರಡನ್ನೂ ಒಂದೇ ಕಪಾಟಿನಲ್ಲಿ ಬಹಳ ಕಾಲ ಹುಡುಕಿದ್ದುಂಟು.)

ಕನ್ನಡ ಸಾಹಿತ್ಯದ ಸಂಖ್ಯೆ

ಗ್ರಾಮೀಣ ಗ್ರಂಥಾಲಯಗಳಲ್ಲಿ ಹೆಚ್ಚು ಬೇಡಿಕೆಯಿರುವುದು ಕನ್ನಡ ಸಾಹಿತ್ಯಕ್ಕೆ. ಇದರ ಸಂಖ್ಯೆ 894.814. ಸಂಖ್ಯೆಯು ಇಷ್ಟು ಉದ್ದವಾಗಲು ಕಾರಣವಿದೆ. ಡ್ಯೂಯಿ ಪದ್ಧತಿಯು 810ರಿಂದ 880ರವರೆಗಿನ ವಿಭಾಗಗಳನ್ನು ಅಮೆರಿಕ ಮತ್ತು ಯುರೋಪಿನ ಸಾಹಿತ್ಯಗಳಿಗೆ ಹಂಚಿ, ಜಗತ್ತಿನ ಉಳಿದ ಭಾಷೆಗಳ ಸಾಹಿತ್ಯವನ್ನೆಲ್ಲ 890ರಲ್ಲಿ ಸೇರಿಸಿದೆ. ಸಾವಿರ ವರ್ಷಗಳಿಗೂ ಮಿಕ್ಕಿದ ಪರಂಪರೆಯುಳ್ಳ ಭಾಷೆಗೆ ಇಷ್ಟು ಇಕ್ಕಟ್ಟಿನ ಜಾಗವೇಕೆ ಎಂದು ವಿದ್ಯಾರ್ಥಿಯು ಪ್ರಶ್ನಿಸಿದಲ್ಲಿ, ಅದು ಸಮಂಜಸವಾದ ಪ್ರಶ್ನೆಯೇ ಆಗಿದೆ. ಶಿಕ್ಷಕರು ಅದನ್ನು ತಳ್ಳಿಹಾಕಬಾರದು.

ಇದರ ಪರಿಣಾಮವಾಗಿ ನಮ್ಮ ಕಪಾಟುಗಳಲ್ಲಿ ಸಾಲುಸಾಲು ಪುಸ್ತಕಗಳ ಮೇಲೆ ಒಂದೇ ಆರು ಅಂಕಿಗಳು ಕಾಣುತ್ತವೆ. ಆದ್ದರಿಂದ ಅವುಗಳ ನಂತರದ ಅಂಕಿಯನ್ನು ನೋಡಲು ಕಲಿಸುವುದು ಮುಖ್ಯ. ಕಾವ್ಯಕ್ಕೆ 894.8141, ನಾಟಕಕ್ಕೆ 894.8142, ಕಥೆ ಮತ್ತು ಕಾದಂಬರಿಗೆ 894.8143, ಪ್ರಬಂಧಕ್ಕೆ 894.8144. ಚಿಕ್ಕ ಗ್ರಂಥಾಲಯಗಳಲ್ಲಿ ಈ ಸಂಖ್ಯೆಯನ್ನು ಮೊಟಕುಗೊಳಿಸಿ ಬರೆಯುವುದೂ ಉಂಟು.

ತಾಳಮದ್ದಲೆಯ ಅರ್ಥಗಾರಿಕೆಗೆ ಸಿದ್ಧತೆ ಮಾಡಿಕೊಳ್ಳುವ ಯುವಕರು ಮಹಾಭಾರತವನ್ನು ಕೇಳಿಕೊಂಡು ಬರುವುದು ಈ ಸೀಮೆಯಲ್ಲಿ ಸಾಮಾನ್ಯ. ಮಹಾಭಾರತದ ಮೂಲ ಹಾಗೂ ಗದ್ಯಾನುವಾದಗಳು ಧರ್ಮ ವರ್ಗದ 294.5923ರಲ್ಲಿರುತ್ತವೆ. ಕುಮಾರವ್ಯಾಸನ ಭಾರತವು ಕನ್ನಡ ಕಾವ್ಯವಾದುದರಿಂದ 894.8141ಕ್ಕೆ ಸೇರುತ್ತದೆ. ಎಸ್.ಎಲ್. ಭೈರಪ್ಪನವರ ‘ಪರ್ವ’ವು ಕಾದಂಬರಿಯಾದುದರಿಂದ 894.8143ರಲ್ಲಿರುತ್ತದೆ. ಯಕ್ಷಗಾನ ಕಲೆಯನ್ನು ಕುರಿತ ಗ್ರಂಥಗಳನ್ನು 792ರ ರಂಗಭೂಮಿ ವಿಭಾಗದಲ್ಲಿ ನೋಡಬೇಕು. ಒಬ್ಬನೇ ಲೇಖಕನ ಪುಸ್ತಕಗಳೂ ಹೀಗೆಯೇ ಬೇರೆ ಬೇರೆ ಕಡೆ ಹೋಗುತ್ತವೆ. ಡಾ. ಶಿವರಾಮ ಕಾರಂತರ ‘ಬೆಟ್ಟದ ಜೀವ’ವು ಕಾದಂಬರಿಗಳ ಜೊತೆಯಲ್ಲಿದ್ದರೆ, 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ವು ಕಲೆಯ ಕಪಾಟಿನಲ್ಲಿಯೂ, ‘ಬಾಲ ಪ್ರಪಂಚ’ವು ವಿಶ್ವಕೋಶಗಳ ಸಾಲಿನಲ್ಲಿಯೂ ಇರುತ್ತವೆ. ಒಂದು ಕಪಾಟಿನಲ್ಲಿ ಸಿಗದ ಪುಸ್ತಕವು ಗ್ರಂಥಾಲಯದಲ್ಲಿಯೇ ಇಲ್ಲವೆಂದು ಭಾವಿಸಬಾರದು.

ಚೀಟಿಯನ್ನು ಓದುವ ಕ್ರಮ

ಚೀಟಿಯ ಮೇಲಿನ ಸಾಲಿನಲ್ಲಿ ವರ್ಗ ಸಂಖ್ಯೆಯೂ, ಕೆಳಗಿನ ಸಾಲಿನಲ್ಲಿ ಲೇಖಕರ ಹೆಸರಿನ ಅಕ್ಷರಗಳೂ ಇರುತ್ತವೆ. ಬಿಂದುವಿನ ನಂತರದ ಅಂಕಿಗಳನ್ನು ದಶಮಾಂಶವಾಗಿ ಓದತಕ್ಕದ್ದು. 633.84 ಎಂಬುದು 633.9ಕ್ಕಿಂತ ಮೊದಲು ಬರುತ್ತದೆ. ಎಂಬತ್ತನಾಲ್ಕು ಒಂಬತ್ತಕ್ಕಿಂತ ದೊಡ್ಡದೆಂದು ಎಣಿಸಿ ಮುಂದಕ್ಕೆ ಹುಡುಕುವ ವಿದ್ಯಾರ್ಥಿಗಳೇ ಹೆಚ್ಚು. ಮೊದಲ ಪುಟಗಳಲ್ಲಿ ಮುದ್ರೆಯೊಂದಿಗೆ ಬರೆದಿರುವ ಪರಿಗ್ರಹಣ ಸಂಖ್ಯೆಯು ದಾಖಲೆ ವಹಿಯ ಕ್ರಮಸಂಖ್ಯೆಯಷ್ಟೇ ಆಗಿದ್ದು, ಕಪಾಟಿನಲ್ಲಿ ಹುಡುಕಲು ಪ್ರಯೋಜನಕ್ಕೆ ಬರುವುದಿಲ್ಲ. ಮಲೆನಾಡಿನ ಮಳೆಗಾಲದ ತೇವಕ್ಕೆ ಬೆನ್ನಿನ ಚೀಟಿಯು ಕಳಚಿಹೋಗುವುದುಂಟು. ಅಂತಹ ಪುಸ್ತಕ ಕಂಡಲ್ಲಿ ಮೇಲ್ವಿಚಾರಕರ ಗಮನಕ್ಕೆ ತರಬೇಕಾಗಿ ಕೋರಲಾಗಿದೆ.

ಶಿಕ್ಷಕರಿಗೆ

ವಿದ್ಯಾರ್ಥಿಗಳನ್ನು ಚಿಕ್ಕ ತಂಡಗಳಲ್ಲಿ ಕರೆತಂದು, ಹನ್ನೆರಡು ಪುಸ್ತಕಗಳನ್ನು ಮೇಜಿನ ಮೇಲೆ ಕಲೆಸಿಟ್ಟು, ಮೊದಲು ಪರಿವಿಡಿಯನ್ನು ಓದಿಸಿ ವಿಷಯವನ್ನು ಊಹಿಸಲು ಹೇಳಿ, ಬಳಿಕ ಚೀಟಿಯೊಂದಿಗೆ ತಾಳೆ ನೋಡಿಸುವುದು ಉಪಯುಕ್ತ. ಊಹೆ ತಪ್ಪಿದ ಪುಸ್ತಕದ ಬಗ್ಗೆಯೇ ಹೆಚ್ಚು ಹೊತ್ತು ಚರ್ಚಿಸಬೇಕು. ದಶಮಾಂಶದ ಪಾಠ ನಡೆಯುತ್ತಿರುವ ವಾರದಲ್ಲಿ ಇದನ್ನು ಕೈಗೊಂಡರೆ ಗಣಿತಕ್ಕೂ ಅನುಕೂಲವಾಗುತ್ತದೆ.

ಓದಿದ ಪುಸ್ತಕವನ್ನು ವಿದ್ಯಾರ್ಥಿಗಳು ತಾವೇ ಕಪಾಟಿಗೆ ಹಿಂದಿರುಗಿಸದೆ ಮೇಜಿನ ಮೇಲೆಯೇ ಬಿಡತಕ್ಕದ್ದು. ಮೇಜಿನ ಮೇಲಿರುವ ಪುಸ್ತಕವು ಸಂಜೆಯ ವೇಳೆಗೆ ತನ್ನ ಸ್ಥಾನ ಸೇರುತ್ತದೆ; ತಪ್ಪು ಕಪಾಟಿಗೆ ಸೇರಿದ ಪುಸ್ತಕವು ವರ್ಷಗಟ್ಟಲೆ ಯಾರಿಗೂ ಸಿಗದೆ ಉಳಿಯಬಹುದು.

ಸದಸ್ಯತ್ವ

ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಯಲ್ಲಿವೆ. 2020ರ ನವೆಂಬರ್‌ನಲ್ಲಿ ಆರಂಭಗೊಂಡ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ನೀಡಲು ಕ್ರಮ ಕೈಗೊಳ್ಳಲಾಯಿತು. ಸದಸ್ಯತ್ವಕ್ಕಾಗಿ ತಮ್ಮ ಗ್ರಾಮ ಪಂಚಾಯತಿಯ ಗ್ರಂಥಾಲಯ ಮೇಲ್ವಿಚಾರಕರನ್ನು ಸಂಪರ್ಕಿಸಬಹುದಾಗಿದೆ. ಬೇಕಾದ ಪುಸ್ತಕವು ಸಿಗದಿದ್ದಲ್ಲಿ ಅದರ ಹೆಸರು ಹಾಗೂ ಲೇಖಕರ ಹೆಸರನ್ನು ಅವರಲ್ಲಿ ಬರೆಸತಕ್ಕದ್ದು.