ಸಿಲೋನಿನವು ಹೇಳಿರೆ ಆರು?

ಬಂಟ್ವಾಳ, ಬೆಳ್ತಂಗಡಿಲಿ ರಬ್ಬರು ತೋಟ ನವಗೆ ಹೊಸತ್ತಲ್ಲ. ಆದರೆ ಸುಳ್ಯ ಹೊಡೆಂಗೆ ಹೋಪಗ ಸರಕಾರದ ದೊಡ್ಡ ರಬ್ಬರು ತೋಟಂಗಳೂ, ಅದರ ಕರೆಲಿ ಸಣ್ಣ ಸಾಲುಮನೆಗಳೂ ಕಾಂಗು. "ಅದು ಸಿಲೋನ್ ಕಾಲನಿ" ಹೇಳಿ ನಾವು ಒಂದೇ ಮಾತಿಲಿ ಮುಗುಶುತ್ತು. ಅವು ಅಲ್ಲಿಗೆ ಹೇಂಗೆ ಬಂದವು ಹೇಳಿ ಕೇಳ್ತದು ಕಡಮ್ಮೆ.

ಬ್ರಿಟಿಷರ ಕಾಲಲ್ಲಿ ತಮಿಳುನಾಡಿನ ಬಡವರ ಸಿಲೋನಿಂಗೆ ಕರಕ್ಕೊಂಡು ಹೋದವು. ಸುರುವಿಂಗೆ ಕಾಫಿ ತೋಟಕ್ಕೆ, ಮತ್ತೆ ಚಾಯ ತೋಟಕ್ಕೆ. ತಲೆಮಾರುಗಟ್ಲೆ ಅಲ್ಲೇ ದುಡುದವು. 1948ರಲ್ಲಿ ಸಿಲೋನಿಂಗೆ ಸ್ವಾತಂತ್ರ್ಯ ಬಂತು. ಅದೇ ವರ್ಷದ ಪೌರತ್ವ ಕಾಯಿದೆಲಿ ಇವರಲ್ಲಿ ಹೆಚ್ಚಿನವಕ್ಕೆ ಪೌರತ್ವವೇ ಸಿಕ್ಕಿದ್ದಿಲ್ಲೆ. ಅಲ್ಲಿಯವೂ ಅಲ್ಲ, ಇಲ್ಲಿಯವೂ ಅಲ್ಲ.

1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ, ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದ ಮಾಡಿದವು. 5 ಲಕ್ಷದ 25 ಸಾವಿರ ಜನ ಭಾರತಕ್ಕೆ, 3 ಲಕ್ಷ ಜನ ಸಿಲೋನಿಂಗೆ. ಒಳುದ ಒಂದೂವರೆ ಲಕ್ಷದ ಲೆಕ್ಕ ಮತ್ತೆ ನೋಡುವೊ° ಹೇಳಿ. ಕೊಯಿದ ಅಡಕ್ಕೆಯ ಪಾಲು ಮಾಡ್ತ ಹಾಂಗೆ!

ತಲೈಮನ್ನಾರಂದ ರಾಮೇಶ್ವರಕ್ಕೆ ಹಡಗಿಲಿ ಬಂದವು. ಅದರಲ್ಲಿ ಕೆಲವು ಕುಟುಂಬಂಗಳ ಸರಕಾರ ಸುಳ್ಯ, ಪುತ್ತೂರು ಹೊಡೆಯಾಣ ರಬ್ಬರು ತೋಟಕ್ಕೆ ತಂತು. ಕಾಡಿದ್ದ ಜಾಗೆಲಿ ನೆಟ್ಟ ಆ ರಬ್ಬರಿನ ಈಗ ನೋಡಿಗೊಂಬದು 1971ರಲ್ಲಿ ಸುರುವಾದ ಅರಣ್ಯ ಅಭಿವೃದ್ಧಿ ನಿಗಮ.

ಟ್ಯಾಪಿಂಗ್ ಕೆಲಸ ಹೇಂಗೆ ಹೇಳಿ ನಿಂಗೊಗೆ ಗೊಂತಿದ್ದು. ಬೆಶಿಲು ಏರಿರೆ ಹಾಲು ಇಳಿಯ, ಹಾಂಗಾಗಿ ಉದಿಯಪ್ಪಗಳೇ ಹೆರಡೆಕ್ಕು. ಒಬ್ಬಂಗೆ ಸುಮಾರು 300 ಮರ. ಮಳೆಗಾಲಲ್ಲಿ ಮರಕ್ಕೆ ಪ್ಲಾಸ್ಟಿಕ್ ಕಟ್ಟದ್ರೆ ಕೆಲಸ ಇಲ್ಲೆ, ಎಲೆ ಉದುರುವಗಳೂ ಇಲ್ಲೆ. ಇಪ್ಪ ಮನೆಯೂ ನಿಗಮದ್ದು, ಕೆಲಸ ಮುಗುದರೆ ಬಿಡೆಕ್ಕು. ಪ್ರಾಯ ಆದ ಮತ್ತೆ ಎಲ್ಲಿಗೆ ಹೋಪದು?

ಇನ್ನೊಂದು ಉಪದ್ರ ಕಾಗದದ್ದು. ಅವರಲ್ಲಿ ತುಂಬ ಜನ ಪರಿಶಿಷ್ಟ ಜಾತಿಯವು. ಆದರೆ ಜಾತಿ ಪತ್ರ ಕೊಡ್ಲೆ 1950ರಲ್ಲಿ ಕುಟುಂಬ ಯಾವ ರಾಜ್ಯಲ್ಲಿತ್ತು ಹೇಳಿ ನೋಡ್ತವು. ಇವರ ಅಜ್ಜಂದ್ರು ಅಂಬಗ ಸಿಲೋನಿಲಿ! ಮಕ್ಕೊ ಇಲ್ಲೇ ಹುಟ್ಟಿ, ಕನ್ನಡ ಶಾಲೆಲಿ ಕಲ್ತು, ತುಳು ಮಾತಾಡಿರೂ ಆ ಪತ್ರಕ್ಕೆ ವರ್ಷಗಟ್ಲೆ ಅಲೆಯೆಕ್ಕಾತು.

ಎನ್ನ ಅಪ್ಪನ ಮನೆಗೆ ಟ್ಯಾಪಿಂಗಿಂಗೆ ಬಪ್ಪ ಒಂದು ಅಜ್ಜಿಯ ಹತ್ತರೆ ಒಂದರಿ "ಊರು ಯಾವುದು?" ಕೇಳಿದೆ. "ಸುಳ್ಯ" ಹೇಳಿತ್ತು. "ಅದಲ್ಲ, ಮೂಲ?" ಕೇಳಿದೆ. ಅದು ನೆಗೆ ಮಾಡಿ, "ನಿಮ್ಮ ಮೂಲ ಯಾವುದಕ್ಕಾ?" ಹೇಳಿತ್ತು.

ಎನಗೆ ಮಾತು ಬಯಿಂದಿಲ್ಲೆ. ನಮ್ಮ ಹೆರಿಯೋರೂ ಅಹಿಚ್ಛತ್ರಂದ ಬಂದವು ಹೇಳಿ ಹೇಳ್ತವಲ್ಲದಾ? ನಮ್ಮತ್ರೆ ಅದಕ್ಕೆ ಆರೂ ಪತ್ರ ಕೇಳಿದ್ದವಿಲ್ಲೆ. ಅಂದಿಂದ ಆನು "ಸಿಲೋನಿನವು" ಹೇಳುದರ ಬಿಟ್ಟಿದೆ. ಅವು ಸುಳ್ಯದವು.