ಶಿಲೆಯೂ ಪಡಿಯಚ್ಚೂ

ಸಂತೇಬೆನ್ನೂರಿನ ಹೊಂಡದ ಸೋಪಾನಗಳ ಮೇಲೆ ಕುಳಿತು ನೀರ ನಡುವಿನ ಮಂಟಪವನ್ನು ನೋಡುವಾಗಲೆಲ್ಲ ನನಗೊಂದೇ ಚಿಂತೆ. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಂತಪ್ಪ ನಾಯಕ ಕಟ್ಟಿಸಿದ ಇದರ ಗಾರೆಗೆಲಸ ಇನ್ನೆಷ್ಟು ಮಳೆಗಾಲಗಳನ್ನು ತಾಳೀತು? ಮೂಲ ಅಳಿದರೂ ರೂಪ ಉಳಿಯುವ ಬಗೆಯುಂಟೆ?

ಉಂಟು, ಈ ಸೀಮೆಗೆ ಅದು ಹೊಸದೂ ಅಲ್ಲ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನಶೋಧಕರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹರಡಿ, ಗಡಸು ಕುಂಚದಿಂದ ಬಡಿಯುತ್ತಾರೆ. ಕಾಗದ ಅಕ್ಷರದ ಕುಳಿಗಿಳಿಯುತ್ತದೆ. ಮೇಲೆ ಮಸಿಯೊತ್ತಿದರೆ ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತವೆ. ಇದೇ ಪಡಿಯಚ್ಚು.

ಶಿಲ್ಪಕ್ಕೆ ಕಾಗದ ಸಾಲದು. ಬಿಡಿಸಲು ಬರುವಂತೆ ತುಂಡುತುಂಡಾಗಿ ಅಚ್ಚು ಕಟ್ಟಿ, ತೆಗೆದು, ಜೋಡಿಸಿ, ಒಳಗೆ ಪ್ಲಾಸ್ಟರ್ ಹುಯ್ಯಬೇಕು. ರೋಮಿನ ಟ್ರಾಜನ್ ಸ್ತಂಭಕ್ಕೆ 1860ರ ದಶಕದಲ್ಲಿ ತೆಗೆದ ಅಚ್ಚಿನಿಂದಾದ ಪ್ರತಿಯೊಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಬಯಲಲ್ಲಿ ನಿಂತ ಮೂಲ ಮತ್ತಷ್ಟು ಸವೆಯಿತು. ಅಲ್ಲಿ ಮಾಸಿದ ಗೆರೆಗಳನ್ನು ಇಂದು ವಿದ್ವಾಂಸರು ಪ್ರತಿಯಲ್ಲಿ ಓದುತ್ತಾರೆ.

ಆದರೆ ಶಿಥಿಲವಾದ ಗಾರೆಗೆ ಅಚ್ಚೊತ್ತಹೋದರೆ ಉಳಿಸಹೊರಟ ಕೈಯೇ ಕೆಡವೀತು. ಮುಟ್ಟದೆಯೇ ಬೆಳಕಿನಿಂದ ಅಳೆದು ಪ್ರತಿ ಮಾಡುವ ವಿದ್ಯೆ ಈಗ ಬಂದಿದೆ. ನಮ್ಮ ಹೊಂಡಕ್ಕೆ ಒಪ್ಪುವುದು ಅದೇ.

ನಕಲೆಂದು ಇದನ್ನು ಹಳಿಯುವವರುಂಟು. ಪಂಪನ ಸ್ವಹಸ್ತದ ಓಲೆ ನಮ್ಮಲ್ಲಿಲ್ಲ. ಇರುವುದೆಲ್ಲ ಪ್ರತಿಯ ಪ್ರತಿ. ಆ ಹೆಸರಿಲ್ಲದ ಲಿಪಿಕಾರರಿಗೆ ಸಲ್ಲುವ ಗೌರವ ಅಚ್ಚು ತೆಗೆಯುವವನಿಗೂ ಸಲ್ಲಲಿ.