ಬುಟಿಬೋರಿಯ ಪ್ಯಾನೆಲ್‌ಗೆ ಯಾವ ಎಡಿಷನ್?

ಜಮ್ಶೆಟ್‌ಜಿ ಟಾಟಾ 1877ರಲ್ಲಿ ಎಂಪ್ರೆಸ್ ಮಿಲ್ ತೆರೆದ ಊರು ನಾಗಪುರ. ಆಗಿನ್ನೂ ಹೊಸದಾಗಿದ್ದ ರಿಂಗ್ ಸ್ಪಿಂಡಲ್ ಅನ್ನು ಭಾರತದಲ್ಲಿ ಮೊದಮೊದಲು ಪ್ರಯೋಗಿಸಿದ್ದೂ ಆ ಗಿರಣಿಯಲ್ಲೇ. ಇಂದು ಊರಿನ ಕೈಗಾರಿಕೆ ಬಹುಮಟ್ಟಿಗೆ ಹಿಂಗಣಾ ಮತ್ತು ಬುಟಿಬೋರಿಯ ಎಂಐಡಿಸಿ ಕೈಗಾರಿಕಾ ಪ್ರದೇಶಗಳ ಕಡೆಗೆ ಸರಿದಿದೆ. ಅಲ್ಲಿ ಹತ್ತಿಪ್ಪತ್ತು ವರ್ಷ ನಡೆದ ಕಾರ್ಖಾನೆಗಳ ಕಂಟ್ರೋಲ್ ಪ್ಯಾನೆಲ್‌ಗಳನ್ನು ಒಂದೊಂದಾಗಿ ತೆರೆದರೆ ಒಂದೇ ಕಂಪನಿಯ, ಒಂದೇ ಕಾಲದ ಪಿಎಲ್‌ಸಿಗಳು (ಯಂತ್ರ ನಡೆಸುವ, ಪ್ರೋಗ್ರಾಂ ಬರೆಯಬಹುದಾದ ಕಂಟ್ರೋಲರ್‌ಗಳು) ಸಿಗುವುದು ಅಪರೂಪ. ಪ್ಯಾಕಿಂಗ್ ಯಂತ್ರದಲ್ಲಿ ಡೆಲ್ಟಾ, ಬಾಯ್ಲರ್ ಬದಿಯಲ್ಲಿ ಸೀಮೆನ್ಸಿನ ಹಳೆಯ ಎಸ್7-300, ಹೊಸ ಲೈನಿನಲ್ಲಿ ಎಸ್7-1500, ಹೊರದೇಶದಿಂದ ಬಂದ ಪ್ರೆಸ್ಸಿನಲ್ಲಿ ಅಲೆನ್-ಬ್ರಾಡ್ಲಿ. ಯಂತ್ರ ನಿಂತಾಗ ಲ್ಯಾಪ್‌ಟಾಪ್ ಹಿಡಿದು ಬಂದವನ ಸಾಫ್ಟ್‌ವೇರ್ ಆ ಪಿಎಲ್‌ಸಿಯನ್ನು ತೆರೆಯಬೇಕು. ತೆರೆಯದಿದ್ದರೆ ಶಿಫ್ಟೇ ಹೋಯಿತು.

ಆ ಸಾಫ್ಟ್‌ವೇರಿನ ಯಾವ ಎಡಿಷನ್ ಕೊಳ್ಳಬೇಕು ಎಂಬ ಪ್ರಶ್ನೆ ಬಂದಾಗ ಹೆಚ್ಚಿನ ಕಡೆ ಖರೀದಿ ವಿಭಾಗ ಬೆಲೆಪಟ್ಟಿ ಬಿಡಿಸುತ್ತದೆ. ಪಟ್ಟಿಗಿಂತ ಮೊದಲು ಪ್ಯಾನೆಲ್ ಬಿಡಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎಡಿಷನ್‌ಗಳೆಂದರೆ ಗುಣಮಟ್ಟದ ಮೇಲುಕೀಳಲ್ಲ. ಯಾವ ಕಂಟ್ರೋಲರ್‌ಗೆ ಯಾವ ಬೀಗದ ಕೈ ಎಂದು ಕಂಪನಿಗಳು ಹಾಕಿರುವ ಗೆರೆಗಳು. ಆ ಗೆರೆಗಳು ಒಂದೇ ದಿನ ಬಿದ್ದವಲ್ಲ.

ಶುರುವಿನಲ್ಲಿ ಆಯ್ಕೆಯೇ ಇರಲಿಲ್ಲ. ಕಾರಿನ ಮಾದರಿ ಬದಲಾದಾಗಲೆಲ್ಲ ರಿಲೇ ಪ್ಯಾನೆಲ್‌ಗಳ ವೈರಿಂಗ್ ಕಿತ್ತು ಹೊಸದಾಗಿ ಎಳೆಯಬೇಕಿದ್ದ ತೊಂದರೆಯಿಂದ ಬೇಸತ್ತ ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ, 1968ರಲ್ಲಿ ರಿಲೇಗಳ ಜಾಗದಲ್ಲಿ ಕೂರುವ ಕಂಟ್ರೋಲರ್ ಬೇಕೆಂದು ಕೇಳಿತು. ಡಿಕ್ ಮಾರ್ಲಿ ಮತ್ತವರ ಸಂಗಡಿಗರ ಬೆಡ್‌ಫರ್ಡ್ ಅಸೋಸಿಯೇಟ್ಸ್ ಕೊಟ್ಟ ಉತ್ತರ ಮಾಡಿಕಾನ್ 084. ಆ ಸಂಸ್ಥೆಯ 84ನೆಯ ಪ್ರಾಜೆಕ್ಟ್ ಆದ್ದರಿಂದ ಆ ಹೆಸರು. ಎಲೆಕ್ಟ್ರಿಷಿಯನ್‌ಗಳಿಗೆ ರಿಲೇ ಡ್ರಾಯಿಂಗ್ ಓದಲು ಬರುತ್ತಿತ್ತು, ಹಾಗಾಗಿ ಪ್ರೋಗ್ರಾಮಿಂಗನ್ನೂ ಅದೇ ರೂಪದ ಲ್ಯಾಡರ್‌ನಲ್ಲಿ ಇಟ್ಟರು. ಐವತ್ತು ವರ್ಷ ದಾಟಿದರೂ ಲ್ಯಾಡರ್ ಉಳಿದಿರುವುದಕ್ಕೆ ಶಾಪ್‌ಫ್ಲೋರಿನ ಜನರನ್ನು ಗೌರವಿಸಿದ ಆ ತೀರ್ಮಾನವೇ ಕಾರಣ.

ಆಗ ಪ್ರೋಗ್ರಾಂ ಬರೆಯಲು ಕಂಟ್ರೋಲರ್ ಕಂಪನಿಯದ್ದೇ ಪ್ರತ್ಯೇಕ ಯಂತ್ರ ಬೇಕಿತ್ತು. ಸೀಮೆನ್ಸ್ 1979ರಲ್ಲಿ ತಂದ ಸಿಮ್ಯಾಟಿಕ್ ಎಸ್5ಗೆ ‘ಪಿಜಿ’ ಎಂಬ ಭಾರದ ಪೆಟ್ಟಿಗೆ, ಅದರೊಳಗೆ ಸ್ಟೆಪ್ 5. ಪೆಟ್ಟಿಗೆ ಇದ್ದವರಿಗೆ ಎಲ್ಲವೂ ಇತ್ತು, ಇಲ್ಲದವರಿಗೆ ಏನೂ ಇಲ್ಲ. ಸಾಮಾನ್ಯ ಪಿಸಿ ಬಂದ ಮೇಲೆ ಸಾಫ್ಟ್‌ವೇರ್ ಹಾರ್ಡ್‌ವೇರ್‌ನಿಂದ ಬಿಡಿಸಿಕೊಂಡಿತು. ಲೈಸೆನ್ಸಿನ ತಾಪತ್ರಯ ಶುರುವಾದದ್ದೂ ಆಗಲೇ. ತೊಂಬತ್ತರ ದಶಕದ ನಡುವೆ ಬಂದ ಎಸ್7-300, 400ರ ಸ್ಟೆಪ್ 7ಗೆ ಪರವಾನಗಿ ಸಿಗುತ್ತಿದ್ದುದು ಫ್ಲಾಪಿಯಲ್ಲಿ. ಪರವಾನಗಿಯನ್ನು ಫ್ಲಾಪಿಯಿಂದ ಹಾರ್ಡ್ ಡಿಸ್ಕಿಗೆ ವರ್ಗಾಯಿಸಬೇಕು, ಕಂಪ್ಯೂಟರ್ ಬದಲಿಸುವ ಮುನ್ನ ಮರೆಯದೆ ಹಿಂದಕ್ಕೆ ತೆಗೆದಿಡಬೇಕು. ಮರೆತು ಫಾರ್ಮ್ಯಾಟ್ ಮಾಡಿದರೆ ಪರವಾನಗಿಯೇ ಮಾಯ. ಇಂದು ಆ ಕೀಲಿ ಯುಎಸ್‌ಬಿ ಸ್ಟಿಕ್ಕಿನಲ್ಲಿ ಅಥವಾ ಡೌನ್‌ಲೋಡ್ ಆಗಿ ಬರುತ್ತದೆ, ಎಚ್ಚರ ಮಾತ್ರ ಅಷ್ಟೇ ಬೇಕು.

ಭಾಷೆಗಳನ್ನು ಒಂದು ನೆಲೆಗೆ ತಂದದ್ದು 1993ರಲ್ಲಿ ಪ್ರಕಟವಾದ ಐಇಸಿ 61131-3 ಮಾನದಂಡ. ಲ್ಯಾಡರ್, ಫಂಕ್ಷನ್ ಬ್ಲಾಕ್, ಸ್ಟ್ರಕ್ಚರ್ಡ್ ಟೆಕ್ಸ್ಟ್ ಮುಂತಾದವಕ್ಕೆ ಅದು ಚೌಕಟ್ಟು ಹಾಕಿತು. ಇನ್‌ಸ್ಟ್ರಕ್ಷನ್ ಲಿಸ್ಟನ್ನು 2013ರ ಮೂರನೆಯ ಪರಿಷ್ಕರಣೆ ಬಳಕೆಯಿಂದ ಸರಿಯುತ್ತಿರುವ ಭಾಷೆಯೆಂದು ಗುರುತಿಸಿತು. ಒಂದು ಕಂಪನಿಯ ಪ್ರೋಗ್ರಾಂ ಇನ್ನೊಂದರಲ್ಲಿ ಹಾಗೇ ಓಡಲಿ ಎಂಬ ಆಸೆ ಮಾತ್ರ ಈಡೇರಲಿಲ್ಲ. 1994ರಲ್ಲಿ ಜರ್ಮನಿಯ ಕೆಂಪ್ಟನ್‌ನಲ್ಲಿ ಹುಟ್ಟಿದ ಕೋಡೆಸಿಸ್ ಆ ಆಸೆಗೆ ಹತ್ತಿರ ಬಂದ ಪ್ರಯತ್ನ. ಅದರ ಪ್ರೋಗ್ರಾಮಿಂಗ್ ಪರಿಸರ ಉಚಿತ. ಪ್ರೋಗ್ರಾಂ ನಡೆಸುವ ಅದರ ರನ್‌ಟೈಮ್ ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ, ಲೈಸೆನ್ಸ್ ಇಲ್ಲದಿದ್ದರೆ ಎರಡು ಗಂಟೆಗೊಮ್ಮೆ ನಿಲ್ಲುತ್ತದೆ. ಕಲಿಯುವ ಐಟಿಐ ಹುಡುಗ ಹುಡುಗಿಯರಿಗೆ ಎರಡು ಗಂಟೆ ಧಾರಾಳ ಸಾಕು. ಇದನ್ನು ನಮ್ಮ ತರಬೇತಿ ಕೇಂದ್ರಗಳು ಇನ್ನೂ ಹೆಚ್ಚು ಬಳಸಬೇಕು.

ಈಗಿನ ಎಡಿಷನ್‌ಗಳಿಗೆ ಬರೋಣ. ಸೀಮೆನ್ಸಿನ ಈಗಿನ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಟಿಐಎ ಪೋರ್ಟಲ್‌ನಲ್ಲಿ ಸ್ಟೆಪ್ 7 ಬೇಸಿಕ್ ಎಂದರೆ ಎಸ್7-1200ಕ್ಕೆ ಮಾತ್ರ. ಪ್ರೊಫೆಷನಲ್ ಆದರೆ 1200, 1500, 300, 400 ನಾಲ್ಕಕ್ಕೂ. ಸೇಫ್ಟಿ ಕಂಟ್ರೋಲರ್ ಇದ್ದರೆ ಅದರ ಪ್ಯಾಕೇಜ್ ಬೇರೆ. ಅಲೆನ್-ಬ್ರಾಡ್ಲಿಯ ಒಡೆತನದ ಕಂಪನಿ ರಾಕ್‌ವೆಲ್‌ನ ಸ್ಟುಡಿಯೋ 5000ರಲ್ಲೂ ಇದೇ ತರ್ಕ: ಮಿನಿ, ಲೈಟ್‌ನಂಥವು ಕಾಂಪ್ಯಾಕ್ಟ್‌ಲಾಜಿಕ್ಸ್‌ಗೆ ಸೀಮಿತ, ದೊಡ್ಡ ಕಂಟ್ರೋಲ್‌ಲಾಜಿಕ್ಸ್‌ಗೆ ಮೇಲಿನ ಎಡಿಷನ್ ಬೇಕು. ಷ್ನೈಡರ್‌ನ ಕಂಟ್ರೋಲ್ ಎಕ್ಸ್‌ಪರ್ಟ್ ಅನ್ನು ಎಸ್, ಎಲ್, ಎಕ್ಸ್‌ಎಲ್ ಎಂದು ವಿಂಗಡಿಸಿದ್ದಾರೆ. ಡೆಲ್ಟಾದ ಡಬ್ಲ್ಯುಪಿಎಲ್‌ಸಾಫ್ಟ್, ಐಎಸ್‌ಪಿಸಾಫ್ಟ್ ಎರಡೂ ಉಚಿತ. ಸಣ್ಣ ಯಂತ್ರ ತಯಾರಕರು ಡೆಲ್ಟಾ ಹಿಡಿಯುವುದಕ್ಕೆ ಇದು ದೊಡ್ಡ ಕಾರಣ. ಆ ಆಯ್ಕೆಯಲ್ಲಿ ತಪ್ಪೇನೂ ಇಲ್ಲ. ರಾಕ್‌ವೆಲ್ ಕೂಡ ಮೈಕ್ರೋ800 ಸಾಲಿಗೆ ಕನೆಕ್ಟೆಡ್ ಕಾಂಪೊನೆಂಟ್ಸ್ ವರ್ಕ್‌ಬೆಂಚ್‌ನ ಸ್ಟ್ಯಾಂಡರ್ಡ್ ಎಡಿಷನ್ನನ್ನು ಉಚಿತವಾಗಿಯೇ ಇಟ್ಟಿದೆ.

ಎಡಿಷನ್ ಸರಿಯಾಗಿದ್ದೂ ಕೆಲಸ ಕೆಡುವುದು ವರ್ಷನ್‌ನಲ್ಲಿ. ರಾಕ್‌ವೆಲ್‌ನ ಲಾಜಿಕ್ಸ್ ಕಂಟ್ರೋಲರ್‌ನಲ್ಲಿ ಫರ್ಮ್‌ವೇರ್ 20 ಇದ್ದರೆ ಲ್ಯಾಪ್‌ಟಾಪ್‌ನಲ್ಲೂ 20ನೆಯ ವರ್ಷನ್ನೇ ಇರಬೇಕು. 32 ಇದೆ, ದೊಡ್ಡದು ಚಿಕ್ಕದನ್ನು ತೆರೆಯುತ್ತದೆ ಎಂದುಕೊಂಡರೆ ಆನ್‌ಲೈನ್ ಹೋಗುವುದೇ ಇಲ್ಲ. ಟಿಐಎಯಲ್ಲಿ ತೊಂದರೆ ಬೇರೆ ರೀತಿಯದು. ಹೊಸ ವರ್ಷನ್‌ನಲ್ಲಿ ಪ್ರಾಜೆಕ್ಟನ್ನು ಅಪ್‌ಗ್ರೇಡ್ ಮಾಡಿದರೆ ಮತ್ತೆ ಹಳೆಯದರಲ್ಲಿ ಅದು ತೆರೆಯದು. ಆದ್ದರಿಂದ ಮೂಲ ಪ್ರತಿಯನ್ನು ಮುಟ್ಟದೆ ಬೇರೆಡೆ ಇಟ್ಟು ನಕಲಿನ ಮೇಲೆ ಕೆಲಸ ಮಾಡಬೇಕು. ಪ್ಯಾನೆಲ್ ತೆರೆದಾಗ ಮಾಡೆಲ್ ನಂಬರ್ ಜೊತೆ ಫರ್ಮ್‌ವೇರ್ ನಂಬರನ್ನೂ ಬರೆದುಕೊಳ್ಳಿ ಎಂದು ಮೆಂಟೆನೆನ್ಸ್‌ನವರಿಗೆ ಹೇಳುವುದು ಇದಕ್ಕೇ.

ಇನ್ನೊಂದು ನೋವಿನ ವಿಷಯ ಪ್ರೋಗ್ರಾಂನ ಮೂಲ ಫೈಲ್. ಯಂತ್ರ ಕೊಟ್ಟವರು ಪ್ರಾಜೆಕ್ಟ್ ಫೈಲ್ ಕೊಡದೆ ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಎಸ್7-300ರಿಂದ ಅಪ್‌ಲೋಡ್ ಮಾಡಿದರೆ ಲಾಜಿಕ್ ಬರುತ್ತದೆ, ಹೆಸರುಗಳೂ ಕಾಮೆಂಟ್‌ಗಳೂ ಬರುವುದಿಲ್ಲ. ‘ಬೇಲ್ ಪ್ರೆಸ್ ಬಾಗಿಲು ಮುಚ್ಚಿದೆ’ ಎಂದಿರಬೇಕಾದ ಕಡೆ ಐ 0.3, ಎಂ 10.2 ಎಂಬ ಬರಿಯ ವಿಳಾಸಗಳು ಸಾಲುಗಟ್ಟಿ ನಿಲ್ಲುತ್ತವೆ. ಹತ್ತಿಯ ಸುಗ್ಗಿಯಲ್ಲಿ ಜಿನ್ನಿಂಗ್ ನಿಂತು, ಒಂದೊಂದು ವೈರನ್ನೂ ಟರ್ಮಿನಲ್‌ನಿಂದ ಹಿಡಿದು ಐ 0.3 ಏನೆಂದು ಹುಡುಕುವ ಎಲೆಕ್ಟ್ರಿಷಿಯನ್‌ನ ಕಷ್ಟವನ್ನು ಯಾವ ದುಬಾರಿ ಎಡಿಷನ್ನೂ ಕಳೆಯದು. 1200, 1500ರಲ್ಲಿ ಹೆಸರು, ಕಾಮೆಂಟ್ ಕಂಟ್ರೋಲರ್‌ನಲ್ಲೇ ಉಳಿಯುವುದು ನಿಜವಾದ ಪ್ರಗತಿ. ಯಂತ್ರ ಕೊಳ್ಳುವ ಕರಾರಿನಲ್ಲಿ ಕಾಮೆಂಟ್ ಸಹಿತ ಪ್ರಾಜೆಕ್ಟ್ ಫೈಲ್, ಪಾಸ್‌ವರ್ಡ್, ವರ್ಷನ್ ನಂಬರ್ ಈ ಮೂರನ್ನೂ ಬರೆಸಿ, ಅವು ಕೈಗೆ ಬರುವ ತನಕ ಕೊನೆಯ ಕಂತು ತಡೆಹಿಡಿಯುವುದೇ ಸರಿ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಸಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಹರಡಿದ್ದೂ ಯುಎಸ್‌ಬಿಯಿಂದ, ಸ್ಟೆಪ್ 7ರ ಪ್ರಾಜೆಕ್ಟ್ ಫೋಲ್ಡರುಗಳಿಂದ. ಪಿಎಲ್‌ಸಿಯೊಡನೆ ಮಾತಾಡುವ ಫೈಲನ್ನೇ ಅದು ಬದಲಿಸಿ, ತಾನು ಸೇರಿಸಿದ ಕೋಡ್ ಎಂಜಿನಿಯರ್‌ನ ಪರದೆಯಲ್ಲಿ ಕಾಣದಂತೆ ಮಾಡುತ್ತಿತ್ತು. ಅದರ ಗುರಿ ಇರಾನ್, ಆದರೂ ಸೋಂಕು ಹೆಚ್ಚಾಗಿ ತಗುಲಿದ ದೇಶಗಳ ಸಾಲಿನಲ್ಲಿ ಭಾರತವೂ ಇತ್ತು. ಯಾರೋ ತಿದ್ದಿದ ಸಾಫ್ಟ್‌ವೇರನ್ನು ಬಾಯ್ಲರಿನ ಇಂಟರ್‌ಲಾಕ್‌ಗೆ ಜೋಡಿಸುವವರು ಅದರ ಮುಂದೆ ನಿಂತು ಕೆಲಸ ಮಾಡುವವರ ಜೀವವನ್ನು ನೆನೆಯಬೇಕು. ದುಡ್ಡಿನ ಅಡಚಣೆ ಇದ್ದರೆ ಹಲವರು ಹಂಚಿಕೊಳ್ಳುವ ಒಂದು ಫ್ಲೋಟಿಂಗ್ ಲೈಸೆನ್ಸ್ ಸಾಕಾಗಬಹುದು. ಬರೀ ನೋಡಿ, ಬ್ಯಾಕಪ್ ತೆಗೆಯುವ ಕೆಲಸಕ್ಕಾದರೆ ಲಾಜಿಕ್ಸ್‌ನಲ್ಲಿ ಸರ್ವೀಸ್ ಎಡಿಷನ್ ಎಂಬ ಅಗ್ಗದ ದಾರಿಯೂ ಇದೆ.

ನಾಗಪುರದಂಥ ಕಡೆ ಮುಂದಿನ ಕೆಲವು ವರ್ಷ ಹೆಚ್ಚು ಕೆಲಸ ಬೀಳುವುದು ಎಸ್7-300 ಬದಲಾಯಿಸುವುದರಲ್ಲಿ. ಸೀಮೆನ್ಸ್ ಆ ಸಾಲನ್ನು 2023ರ ಅಕ್ಟೋಬರ್‌ನಿಂದ ಹಂತಹಂತವಾಗಿ ಹಿಂತೆಗೆಯುತ್ತಿದೆ. ಈ ಕೆಲಸಕ್ಕೆ ಬೇಸಿಕ್ ಉಪಯೋಗವಿಲ್ಲ. ಹಳೆಯ ಪ್ರೋಗ್ರಾಂ ಇರುವುದು ಸ್ಟೆಪ್ 7ರ 5ನೆಯ ವರ್ಷನ್‌ನಲ್ಲಿ, ಹೊಸದನ್ನು ಬರೆಯಬೇಕಿರುವುದು ಟಿಐಎಯಲ್ಲಿ. ಎರಡೂ ಒಂದೇ ಮೇಜಿನ ಮೇಲೆ ತೆರೆದಿರಬೇಕು. ಎರಡಕ್ಕೂ ಸೇರಿ ಪ್ರೊಫೆಷನಲ್‌ನ ಕಾಂಬೋ ಲೈಸೆನ್ಸ್ ಎಂದೇ ಒಂದಿದೆ. ಆರ್ಡರಿನಲ್ಲಿ ಬರೀ ಪ್ರೊಫೆಷನಲ್ ಎಂದು ಬರೆಯದೆ ಕಾಂಬೋ ಎಂದು ಬಿಡಿಸಿ ಬರೆಯಿರಿ, ಎಸ್7-300ನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಹಳೆಯ ಎಂಪಿಐ ಕೇಬಲನ್ನೂ ಜೋಪಾನವಾಗಿ ಎತ್ತಿಡಿ.